ಹೊಲದ ಅಂದ ಯಾವುದು? ರವದಿ, ಸೋಲಾರ್ ಪ್ಲೇಟು ಮತ್ತು ನೆರೆಯವರ ಮಾತು

ಕಳೆದ ಸುಗ್ಗಿಯಲ್ಲಿ ತೇರದಾಳದ ಕಡೆಯ ಒಂದು ಹೊಲಕ್ಕೆ ಹೋಗಿದ್ದೆ. ಮಗ ಕಬ್ಬು ಕಡಿಸಿದ ಮೇಲೆ ರವದಿ ಸುಡದೆ ಸಾಲಿನಲ್ಲಿ ಹರವಿದ್ದ. ಬಾವಿಯ ದಂಡೆಗೆ ಸೋಲಾರ್ ಪ್ಲೇಟು ನಿಲ್ಲಿಸಿ, ಹನಿ ನೀರಾವರಿಯ ಪೈಪು ಎಳೆದಿದ್ದ. ನಾನು ಹೋಗುವ ಹಿಂದಿನ ರಾತ್ರಿ ತಂದೆ ರವದಿಗೆ ಬೆಂಕಿ ಹಚ್ಚಿದ್ದರು. ಪೈಪುಗಳೆಲ್ಲ ಕರಗಿ, ಮೋಟಾರಿನ ಕೇಬಲ್ಲೂ ಸುಟ್ಟು ಹೋಗಿತ್ತು.

"ಏನ್ ಮಾಡ್ಲಿರಿ ಸಾಹೇಬ್ರ, ನಾಳೆ ಬೀಗರು ಬರೂದಿತ್ತು. ಹೊಲ ನೋಡಿ ಮೈಗಳ್ಳರ ಮನಿ ಅಂದಾರು ಅಂತ ಕಡ್ಡಿ ಗೀರಿದೆ" ಎಂದರು ಆ ಹಿರಿಯರು. ಮಗ ಮಾತಾಡಲಿಲ್ಲ.

ಹಿರಿಯರನ್ನು ಬೈದು ಪ್ರಯೋಜನವಿಲ್ಲ. ಸ್ವಚ್ಛವಾಗಿ ಸುಟ್ಟ ಹೊಲವೇ ಒಳ್ಳೆಯ ಒಕ್ಕಲಿಗನ ಹೊಲ ಎಂದು ನಮ್ಮ ಕಣ್ಣಿಗೆ ರೂಢಿಯಾಗಿದೆ. ನೌಕರಿಗೆ ಸೇರಿದ ಹೊಸದರಲ್ಲಿ ನಾನೂ ಅಂಥ ಹೊಲಗಳಿಗೇ ಶಹಬ್ಬಾಸ್ ಹೇಳಿದವನು. ಆದರೆ ಈ ಅಂದಕ್ಕೆ ನಾವು ಕೊಡುವ ಬೆಲೆ ಎಷ್ಟು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಸುಟ್ಟರೆ ಹೋಗುವುದೇನು?

ಒಂದು ಎಕರೆ ಕಬ್ಬಿನಿಂದ ಸುಮಾರು 3ರಿಂದ 4 ಟನ್ ರವದಿ ಸಿಗುತ್ತದೆ. ಅದರಲ್ಲಿರುವ ಸಾರಜನಕ ಎಕರೆಗೆ 10 ಕಿಲೋಗೂ ಮೇಲಾಗುತ್ತದೆ. ಬೆಂಕಿ ಹಚ್ಚಿದಾಗ ಅದರ ಬಹುಪಾಲು ಹೊಗೆಯೊಂದಿಗೆ ಹಾರಿಹೋಗುತ್ತದೆ. ಮಣ್ಣಿಗೆ ಬೇಕಾದ ಸಾವಯವ ಅಂಶವೂ ಅದರೊಂದಿಗೇ ಹೋಗುತ್ತದೆ. ಉಳಿದ ಮಸಿ ನೆರೆಯವರ ಒಣಹಾಕಿದ ಅರಿವೆಯ ಮೇಲೂ ಸೋಲಾರ್ ಪ್ಲೇಟಿನ ಮೇಲೂ ಕೂರುತ್ತದೆ. ಮಸಿ ಹಿಡಿದ ಪ್ಲೇಟು ವಿದ್ಯುತ್ತು ಕಡಿಮೆ ಕೊಡುತ್ತದೆ.

ನೀರಿನ ವಿಷಯದಲ್ಲೂ ಹೀಗೆಯೇ. ಸಾಲಿನಲ್ಲಿ ನೀರು ಹೊಳೆಯುತ್ತ ನಿಂತರೆ ನಮಗೆ ಸಮಾಧಾನ. ಹನಿ ನೀರಾವರಿಯ ಹೊಲ ಮೇಲೆ ಒಣಗಿದಂತೆ ಕಂಡರೆ 'ನೀರು ಸಾಲದು' ಎನ್ನುತ್ತೇವೆ. ಕೃಷ್ಣಾ ತೀರದ ಕಪ್ಪು ಭೂಮಿಯಲ್ಲಿ ಹೀಗೆ ನೀರು ನಿಲ್ಲಿಸಿಯೇ ಎಷ್ಟೋ ಹೊಲಗಳು ಸವಳು-ಜವಳಾದವು. ಆ ಹೊಲಗಳ ಮೇಲೆ ಬಿಳಿ ಉಪ್ಪು ಕಾಣಿಸಿಕೊಂಡ ಮೇಲೆ ಅವುಗಳ ಅಂದ ನೋಡಲು ಯಾವ ಬೀಗರೂ ಬರುವುದಿಲ್ಲ.

ದೂರಿನಲ್ಲಿ ನಿಜವೂ ಇದೆ

ಹಾಗೆಂದು ನೆರೆಯವರ ದೂರುಗಳನ್ನೆಲ್ಲ ತಳ್ಳಿಹಾಕುವಂತಿಲ್ಲ. ನಿಜವಿದ್ದಷ್ಟನ್ನು ನಾವೇ ಸರಿಪಡಿಸಬೇಕು.

ರವದಿಯಲ್ಲಿ ಇಲಿ ಸೇರುತ್ತದೆ, ಬೆಂಕಿಯ ಭಯವಿದೆ ಎಂಬುದು ಸುಳ್ಳಲ್ಲ. ಆದ್ದರಿಂದ ಕಬ್ಬಿನ ಬುಡವನ್ನು ನೆಲಮಟ್ಟಕ್ಕೆ ಸವರಿ, ರವದಿಯನ್ನು ಕತ್ತರಿಸಿ ಸಾಲಿನೊಳಗೆ ತುಂಬಬೇಕು. ಬುಡದ ಮೇಲೆ ಬೀಳಬಾರದು. ಪ್ರತಿ ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್ ಮತ್ತು 1 ಕಿಲೋ ಕಳಿಸುವ ಜೀವಾಣು ಗೊಬ್ಬರ ಹಾಕಿ ನೀರು ಹಾಯಿಸಿದರೆ ಬೇಗ ಕೊಳೆಯುತ್ತದೆ. ಯೂರಿಯಾ ಬಿಟ್ಟರೆ ಮೊದಲಿಗೆ ಕುಳೆ ಕಬ್ಬು ಹಳದಿಯಾದೀತು. ದಾರಿಯ ಕಡೆಯ ಒಡ್ಡಿಗೆ ಹೊಂದಿ ಒಂದೆರಡು ಸಾಲು ರವದಿಯಿಲ್ಲದೆ ಬಿಟ್ಟರೆ ಬೀಡಿಯ ಕಿಡಿಯಿಂದ ಹೊಲ ಉಳಿಯುತ್ತದೆ.

ಸೋಲಾರ್ ಪ್ಲೇಟು ಜಾಗ ನುಂಗುತ್ತದೆ ಎನ್ನುವವರಿದ್ದಾರೆ. 5 ಅಶ್ವಶಕ್ತಿಯ ಮೋಟಾರಿಗೆ ಬೇಕಾದ ಪ್ಲೇಟುಗಳು ಅರ್ಧ ಗುಂಟೆಯೊಳಗೇ ನಿಲ್ಲುತ್ತವೆ. ಆದರೆ ನೆರಳಿನ ದೂರಿಗೆ ಅರ್ಥವಿದೆ. ಪ್ಲೇಟು ತೆಂಕಣಕ್ಕೆ ಮುಖ ಮಾಡಿರುತ್ತದೆ. ನಮ್ಮಲ್ಲಿ ವರ್ಷದ ಹೆಚ್ಚಿನ ಕಾಲ ನಡುಹಗಲ ನೆರಳು ಬಡಗಣಕ್ಕೆ ಬೀಳುತ್ತದೆ. ಆದ್ದರಿಂದ ಬಡಗಣದ ಒಡ್ಡಿಗೆ ಹೊಂದಿಸಿ ನಿಲ್ಲಿಸದೆ, ನೆರೆಯ ಹೊಲಕ್ಕೆ ನೆರಳು ಹೋಗದಷ್ಟು ಅಂತರ ಬಿಡಬೇಕು. ಧೂಳನ್ನು ಬೆಳಿಗ್ಗೆ ತಂಪಿನಲ್ಲಿ ಬರೀ ನೀರಿನಿಂದ, ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಲ್ಲಿ ಸೌರ ಪಂಪಿಗೆ ಸಹಾಯಧನ ನೀಡಲಾಗಿದೆ. ಹಗಲಿನಲ್ಲೇ ನೀರು ಹಾಯಿಸುವಂತಾದರೆ, ಕರೆಂಟಿಗೆ ಕಾದು ಕತ್ತಲಲ್ಲಿ ಹಾವು-ಚೇಳಿನ ನಡುವೆ ಓಡಾಡುವ ಕಷ್ಟ ತಪ್ಪುತ್ತದೆ.

ಗೋಬರ್ ಗ್ಯಾಸಿನ ಮಾತೂ ಇಂಥದೇ. ಹಳೆಯ ಮಾದರಿಯ ಕಬ್ಬಿಣದ ಡ್ರಮ್ಮು ಹಿತ್ತಲಲ್ಲಿ ಎದ್ದು ನಿಲ್ಲುತ್ತಿತ್ತು. ತುಕ್ಕು ಹಿಡಿದರೆ ನೋಡಲಾಗುತ್ತಿರಲಿಲ್ಲ. 1984ರಲ್ಲಿ ಬಂದ ದೀನಬಂಧು ಮಾದರಿಯ ಗುಮ್ಮಟ ನೆಲದೊಳಗೇ ಇರುತ್ತದೆ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಾಕು. ಚೆನ್ನಾಗಿ ಕಳಿತು ಹೊರಬರುವ ಬಗ್ಗಡದ ವಾಸನೆ ಹಸಿ ಸಗಣಿಗಿಂತ ಕಡಿಮೆ.

ರೂಢಿ ಬದಲಾದೀತು

ಒಂದು ಕಾಲಕ್ಕೆ ಹೆಣ್ಣು ಕೊಡುವವರು ಮನೆಯ ಮುಂದಿನ ತಿಪ್ಪೆ ಎಷ್ಟು ದೊಡ್ಡದೆಂದು ನೋಡುತ್ತಿದ್ದರಂತೆ. ಅದೇ ತಿಪ್ಪೆ ಇಂದು ಹೊಲಸು ಎನಿಸಿದೆ. ತಿಪ್ಪೆಯ ಗುಣ ಹಿಂದಿನದೇ. ನೋಡುವ ಕಣ್ಣು ಮಾತ್ರ ಬೇರೆಯಾಗಿದೆ.

ಒಳ್ಳೆಯ ಕಡೆಗೂ ಕಣ್ಣು ಹೊರಳಬಲ್ಲದು. 1989ರಲ್ಲಿ ನಮ್ಮ ಪಕ್ಕದ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದನ್ನು ಶ್ರಮಬಿಂದು ಸಾಗರ ಎಂದು ಕರೆದರು. ಅದು ಬರೀ ಕಲ್ಲು-ಕಾಂಕ್ರೀಟಿನ ಗೋಡೆ; ಆದರೂ ನಿಂತ ನೀರನ್ನು ಕಂಡವರಿಗೆ ಅದೇ ಅಂದ. ನೀರು ಹಿಡಿದ ಆ ಗೋಡೆಯನ್ನು ಮೆಚ್ಚಿದ ನಾವು, ನೆಲದ ತೇವ ಹಿಡಿಯುವ ರವದಿಯನ್ನೂ ಮೆಚ್ಚಬಹುದಲ್ಲವೇ?

ಆ ಹೊಲಕ್ಕೆ ಮೊನ್ನೆ ಮತ್ತೆ ಹೋಗಿದ್ದೆ. ಹಿರಿಯರು ಸ್ವತಃ ಒಂದು ಎಕರೆಯಲ್ಲಿ ರವದಿ ತುಂಬಿಸಿದ್ದರು. ಮಣ್ಣು ಕೆದಕಿ ಎರೆಹುಳು ತೋರಿಸಿ, "ಬೀಗರಿಗೂ ಇದನ್ನ ತೋರ್ಸಿದ್ನಿರಿ" ಎಂದರು.

ರೈತ ಬಾಂಧವರು ಈ ಸಲ ಒಂದೇ ಎಕರೆಯಲ್ಲಾದರೂ ರವದಿ ಸುಡದೆ ನೋಡಿರಿ. ಸುಟ್ಟ ಹೊಲದ ಮಣ್ಣಿನೊಂದಿಗೆ ಹೋಲಿಸಿರಿ. ಹೆಚ್ಚಿನ ವಿವರಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.