ಗುಬ್ಬಿಯ ಪಾಲು ಗುಬ್ಬಿಗೇ ಸಿಗಲಿ

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗಾಗಿ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರಿದ್ದಾರೆ. ಆದುದರಿಂದ ನಾನು ಗುಬ್ಬಿಯಂಥ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಕಾರಣವೂ ಉಂಟು. ಮುಖ್ಯಾಧ್ಯಾಪಕನಾಗಿದ್ದಾಗ ನಾನು ನಿಮಗೆ ಕಲಿಸಿದ ಒಂದು ಪಾಠ ತಪ್ಪಾಗಿತ್ತು. ಅದನ್ನು ತಿದ್ದಿಕೊಡುವ ಅವಕಾಶ ಇದಕ್ಕಿಂತ ಒಳ್ಳೆಯದು ಸಿಗಲಾರದು.

ಹಿಡಿ ಜೋಳದ ಯೋಜನೆ

ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪ್ರತಿ ಶನಿವಾರ ಬೆಳಗಿನ ಶಾಲೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಹಿಡಿ ಜೋಳವನ್ನು ತರಬೇಕೆಂದು ನಾನು ನಿಯಮ ಮಾಡಿದ್ದೆ. ಪ್ರಾರ್ಥನೆಯಾದ ಮೇಲೆ ಆ ಜೋಳವನ್ನೆಲ್ಲ ಬಾವಿಯ ಬಳಿಯ ಕಟ್ಟೆಯ ಮೇಲೆ ಸುರಿಯುತ್ತಿದ್ದೆವು. ಮಕ್ಕಳಲ್ಲಿ ಭೂತದಯೆ ಬೆಳೆಯಲಿ, ಶಾಲೆಯ ಅಂಗಳದಲ್ಲಿ ಗುಬ್ಬಿಗಳು ಹೆಚ್ಚಲಿ ಎಂಬುದು ನನ್ನ ಉದ್ದೇಶವಾಗಿತ್ತು.

ಮೊದಲ ಕೆಲವು ವಾರ ಗುಬ್ಬಿಗಳು ಬಂದವು. ಆಮೇಲೆ ಪಾರಿವಾಳಗಳು ಬಂದವು. ಎರಡು ಮೂರು ವರ್ಷಗಳಲ್ಲಿ ಅವು ವರಾಂಡದ ತೊಲೆ, ಕಿಟಕಿಯ ಮೇಲಿನ ಸಜ್ಜಾ, ನೀರಿನ ಟಾಕಿಯ ಕೆಳಗಿನ ಸಂದು ಎಲ್ಲವನ್ನೂ ಆಕ್ರಮಿಸಿಕೊಂಡವು. ಬೆಂಚುಗಳ ಮೇಲೆಲ್ಲ ಹಿಕ್ಕೆ. ಉಳಿದ ಕಾಳಿಗೆ ರಾತ್ರಿ ಇಲಿ, ಹೆಗ್ಗಣಗಳು ಬರತೊಡಗಿ, ಕಟ್ಟೆಯ ಬುಡದಲ್ಲಿ ಬಿಲ ತೋಡಿದವು. ಅವುಗಳ ಬೆನ್ನು ಹಿಡಿದು ಬೆಕ್ಕುಗಳೂ ಬಂದವು.

ಒಂದು ಶನಿವಾರ ಐದನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನೆದುರು ನಿಂತು, "ಗುರೂಜಿ, ನಾವು ಜ್ವಾಳ ಗುಬ್ಬಿಗಂತ ತರ್ತೀವಿ. ಆದ್ರ ಗುಬ್ಬಿ ಎಲ್ಲಿ ಅದಾವ್ರಿ?" ಎಂದು ಕೇಳಿದಳು. ನಾನು ತಲೆಯೆತ್ತಿ ನೋಡಿದೆ. ಅಂಗಳದಲ್ಲಿ ಒಂದು ಗುಬ್ಬಿಯೂ ಇರಲಿಲ್ಲ. "ಬರ್ತಾವ, ಹೋಗು" ಎಂದು ಹೇಳಿ ಕಳುಹಿಸಿದೆ. ಆ ಉತ್ತರಕ್ಕಾಗಿ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಯೋಜನೆಯನ್ನು ನಾನು ನಿಲ್ಲಿಸಿದ್ದು ಆ ಪ್ರಶ್ನೆಯಿಂದಲ್ಲ. ನೀವೆಲ್ಲ ‘ಮಾಮಾ’ ಎಂದು ಕರೆಯುತ್ತಿದ್ದ ನಮ್ಮ ಸಿಪಾಯಿಯವರು ದಿನವೂ ಒಣ ಹಿಕ್ಕೆಯನ್ನು ಗುಡಿಸಿ ಗುಡಿಸಿ ಬಿಡದ ಕೆಮ್ಮಿಗೆ ತುತ್ತಾದರು. ತೋರಿಸಿದ ವೈದ್ಯರು ಮೊದಲು ಕೇಳಿದ ಪ್ರಶ್ನೆಯೇ "ನಿಮ್ಮಲ್ಲಿ ಪಾರಿವಾಳಗಳಿವೆಯೇ?" ಎಂಬುದು. ಒಣಗಿದ ಹಿಕ್ಕೆಯ ಪುಡಿ ಮತ್ತು ಗರಿಯ ಧೂಳು ಉಸಿರಿನೊಡನೆ ಒಳಹೋಗಿ ಕೆಲವರ ಶ್ವಾಸಕೋಶದಲ್ಲಿ ಉರಿಯೂತವನ್ನು ಉಂಟುಮಾಡುತ್ತವೆ. ವರ್ಷಗಟ್ಟಲೆ ಹಾಗೆಯೇ ನಡೆದರೆ ಶ್ವಾಸಕೋಶವು ಶಾಶ್ವತವಾಗಿ ಗಡುಸಾಗಲೂಬಹುದು. ಗುಡಿಸುವ ಕೆಲಸದಿಂದ ಬಿಡಿಸಿದ ಮೇಲೆ ಅವರ ಕೆಮ್ಮು ನಿಧಾನವಾಗಿ ಇಳಿಯಿತು. ಇದೇ ಕಾರಣದಿಂದ 2025ರ ಜುಲೈಯಲ್ಲಿ ಮುಂಬಯಿಯ ಕಬೂತರಖಾನೆಗಳನ್ನು ಮುಚ್ಚುವ ಕ್ರಮ ಆರಂಭವಾಯಿತು. ದಾದರದ ಹಳೆಯ ಕಬೂತರಖಾನೆಗೆ ತಾಡಪತ್ರಿ ಹೊದಿಸಿದಾಗ ಎದ್ದ ವಿವಾದವನ್ನು ಪತ್ರಿಕೆಗಳಲ್ಲಿ ನೀವು ಓದಿರಬಹುದು. ನಾನು ಒಂದು ಸಣ್ಣ ಕಬೂತರಖಾನೆಯನ್ನು ಶಾಲೆಯಲ್ಲಿಯೇ ತೆರೆದಿದ್ದೆ.

ಹೀಗೇಕಾಯಿತು?

ನಿವೃತ್ತಿಯಾದ ಮೇಲೆ ಸೋಲಾಪುರದ ಮನೆಯಲ್ಲಿ ಓದಿಗೆ ಸಮಯ ದೊರೆಯಿತು. ಆಗ ಕಾರಣಗಳು ಒಂದೊಂದಾಗಿ ತಿಳಿದವು.

ಮೊದಲನೆಯದು, ತಿನ್ನುವ ರೀತಿ. ಗುಬ್ಬಿಯು ಒಂದೊಂದೇ ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆ ಸುಲಿದು ತಿನ್ನುತ್ತದೆ. ಪಾರಿವಾಳವು ಇಡಿಯ ಕಾಳನ್ನೇ ನುಂಗುತ್ತದೆ. ಒಂದೇ ರಾಶಿಯ ಮುಂದೆ ಇಬ್ಬರನ್ನೂ ಕೂಡಿಸಿದರೆ ಯಾರು ಗೆಲ್ಲುವರೆಂದು ಹೇಳಬೇಕಾಗಿಲ್ಲ. ಒಂದು ಪಾರಿವಾಳವು ದಿನಕ್ಕೆ ಸುಮಾರು 30 ಗ್ರಾಂ ಕಾಳನ್ನು ತಿನ್ನುತ್ತದೆ. ಒಂದು ಗುಬ್ಬಿಯ ಇಡೀ ಮೈತೂಕ ಹೆಚ್ಚು ಕಡಿಮೆ ಅಷ್ಟೇ!

ಎರಡನೆಯದು, ಮರಿ ಸಾಕುವ ರೀತಿ. ಪಾರಿವಾಳವು ತಾನು ತಿಂದ ಆಹಾರದ ಬಲದಿಂದ ಗಂಟಲಚೀಲದಲ್ಲಿ ಹಾಲಿನಂಥ ಒಂದು ಪದಾರ್ಥವನ್ನು ಉತ್ಪಾದಿಸಿ ಮರಿಗಳಿಗೆ ಉಣಿಸುತ್ತದೆ. ಅದಕ್ಕೆ ಹುಳು ಹುಡುಕುವ ಅಗತ್ಯವಿಲ್ಲ. ಕಾಳು ಸಿಕ್ಕರೆ ವರ್ಷದ ಬಹುಕಾಲ ಅದು ಮರಿ ಮಾಡಬಲ್ಲದು. ಗುಬ್ಬಿಯಾದರೋ ಕಾಳು ತಿನ್ನುವ ಹಕ್ಕಿಯಾದರೂ ತನ್ನ ಎಳೆಯ ಮರಿಗಳಿಗೆ ಹುಳು ಹುಪ್ಪಟೆಗಳನ್ನೇ ತಂದು ಕೊಡಬೇಕು. ಆದುದರಿಂದ ಬರಿಯ ಕಾಳಿನ ರಾಶಿಯು ಪಾರಿವಾಳದ ಸಂತಾನವನ್ನು ಬೆಳೆಸುತ್ತದೆಯೇ ಹೊರತು ಗುಬ್ಬಿಯ ಸಂತಾನವನ್ನಲ್ಲ.

ಮೂರನೆಯದು, ವಸತಿ. ಪಾರಿವಾಳವು ಮೂಲತಃ ಬಂಡೆಗಳ ಸಂದಿನಲ್ಲಿ ಗೂಡು ಮಾಡುವ ಹಕ್ಕಿ. ನಾವು ಕಟ್ಟುವ ಸಿಮೆಂಟಿನ ಕಟ್ಟಡಗಳೆಲ್ಲ ಅದರ ಕಣ್ಣಿಗೆ ಬಂಡೆಗಳೇ. ಗುಬ್ಬಿಗೆ ಬೇಕಾದದ್ದು ಸಣ್ಣ ಸಂದು. ನಮ್ಮ ಹಿಂದಿನ ಮಾಳಿಗೆ ಮನೆಗಳಲ್ಲಿ ಜಂತಿಗಳ ನಡುವೆ, ದೇವರ ಪಟದ ಹಿಂದೆ, ಗೋಡೆಯ ಗೂಡುಗಳಲ್ಲಿ ಅದು ಹೇರಳವಾಗಿತ್ತು. ಸ್ಲ್ಯಾಬಿನ ಮನೆಯಲ್ಲಿ ಅದಿಲ್ಲ.

ಅಜ್ಜಿ ಕಟ್ಟಿದ ತೆನೆ

ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯಲ್ಲಿ ಸುಗ್ಗಿಯ ಕಾಲಕ್ಕೆ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿಗಳನ್ನು ಓಡಿಸುತ್ತಿದ್ದೆವು. ರಾಶಿ ಮುಗಿದ ಮೇಲೆ ನಮ್ಮ ಅಜ್ಜಿ ಮಾಲದಂಡಿ ಜೋಳದ ಒಳ್ಳೆಯ ತೆನೆಗಳನ್ನು ಆರಿಸಿ, ಐದಾರನ್ನು ದಂಟಿನ ಸಮೇತ ಗೊಂಚಲು ಮಾಡಿ, ಪಡಸಾಲೆಯ ಜಂತಿಗೆ ತಲೆಕೆಳಗಾಗಿ ತೂಗಹಾಕುತ್ತಿದ್ದಳು. ಹೊಲದಲ್ಲಿ ಕಾಯುವುದು, ಮನೆಯಲ್ಲಿ ಕೊಡುವುದು. ಎರಡನ್ನೂ ಒಂದೇ ಕೈ ಮಾಡುತ್ತಿತ್ತು.

ಅಜ್ಜಿ ಕಾಳನ್ನು ಸುರಿಯದೆ ತೆನೆಯನ್ನು ಕಟ್ಟುತ್ತಿದ್ದುದರ ಅರ್ಥ ನನಗೆ ಎಪ್ಪತ್ತರ ಅಂಚಿನಲ್ಲಿ ಹೊಳೆಯಿತು. ತೂಗಾಡುವ ತೆನೆಗೆ ಗುಬ್ಬಿ, ರಾಟವಾಳಗಳು ಕಾಲೂರಿ ಜೋತುಬಿದ್ದು ತಿನ್ನಬಲ್ಲವು. ಪಾರಿವಾಳಕ್ಕೆ ಹಾಗೆ ಜೋತುಬೀಳಲು ಬಾರದು. ಅದಕ್ಕೆ ನಿಲ್ಲಲು ಸಮನಾದ ನೆಲ ಬೇಕು. ಕಾಳು ತೆನೆಯಲ್ಲಿಯೇ ಇರುವುದರಿಂದ ಒಮ್ಮೆಗೇ ಮುಗಿಯುವುದಿಲ್ಲ, ನೆಲಕ್ಕೆ ಬೀಳುವುದೂ ಅಲ್ಪ. ಮ್ಯಾಟ್ರಿಕ್ ಪಾಸಾಗಿ ಶಿಕ್ಷಕನಾದ ನನಗಿಂತ ಅಕ್ಷರ ಬಾರದ ಅಜ್ಜಿಗೆ ಈ ವಿಷಯ ಚೆನ್ನಾಗಿ ತಿಳಿದಿತ್ತು.

ಮಾಡಬೇಕಾದ ಕ್ರಮ

ಕಳೆದ ಕೆಲವು ವರ್ಷಗಳಿಂದ ನನ್ನ ಮನೆಯ ಹಿತ್ತಲಿನಲ್ಲಿ ಮಾಡಿ ನೋಡಿದ್ದನ್ನು ಇಲ್ಲಿ ಕೊಡುತ್ತೇನೆ.

ತೆನೆಯ ಗೊಂಚಲನ್ನು ಗೋಡೆ, ಕಟ್ಟೆ, ಕಿಟಕಿಗಳಿಂದ ಮೂರು ಅಡಿಯಾದರೂ ದೂರದಲ್ಲಿ, ನೆಲದಿಂದ ಆರೇಳು ಅಡಿ ಎತ್ತರದಲ್ಲಿ ತೆಳುವಾದ ತಂತಿಯಿಂದ ತೂಗಹಾಕಬೇಕು. ಹತ್ತಿರ ನಿಲ್ಲಲು ಜಾಗವಿದ್ದರೆ ಪಾರಿವಾಳ ಅಲ್ಲಿಂದಲೇ ಕತ್ತು ಚಾಚುತ್ತದೆ. ಬೆಕ್ಕು ಅಡಗಿ ಕೂಡುವಂಥ ಪೊದೆ ಅದರ ಬುಡದಲ್ಲಿ ಇರಬಾರದು. ಗುಬ್ಬಿಗಳು ಹಾರಿ ಕೂಡಲು ಮುಳ್ಳಿನ ಗಿಡವೋ ಬೇಲಿಯೋ ಎಂಟು ಹತ್ತು ಅಡಿ ದೂರದಲ್ಲಿದ್ದರೆ ಒಳ್ಳೆಯದು.

ತೆನೆ ಸಿಗದ ಪೇಟೆಯವರು ಜಾಳಿಗೆಯ ಪೆಟ್ಟಿಗೆ ಮಾಡಿಸಬಹುದು. ಒಂದೂವರೆ ಇಂಚಿನ ಚೌಕ ಕಣ್ಣುಳ್ಳ ಕಬ್ಬಿಣದ ಜಾಳಿಗೆಯಿಂದ, ನಾಲ್ಕೂ ಕಡೆ ಒಂದೂವರೆ ಅಡಿ ಇರುವಂತೆ, ಮೇಲೂ ಮುಚ್ಚಿದ ಪೆಟ್ಟಿಗೆ ಸಾಕು. ಕಾಳಿನ ತಟ್ಟೆ ನಟ್ಟನಡುವೆ, ಜಾಳಿಗೆಯಿಂದ ಆರು ಇಂಚು ಒಳಗಿರಬೇಕು. ಗುಬ್ಬಿ ಕಣ್ಣಿನೊಳಗಿಂದ ನುಸುಳಿ ಹೋಗುತ್ತದೆ. ಪಾರಿವಾಳ, ಕಾಗೆ, ಗೊರವಂಕಗಳು ನುಸುಳಲಾರವು. ಹೊರಗಿನಿಂದ ಅವುಗಳ ಕೊಕ್ಕೂ ಎಟುಕದು. ಕಣ್ಣು ಎರಡು ಇಂಚಿಗಿಂತ ದೊಡ್ಡದಾದರೆ ಗೊರವಂಕ ಒಳಗೆ ಹೊಗ್ಗುತ್ತದೆ. ನನ್ನ ಮೊದಲ ಪೆಟ್ಟಿಗೆ ಹೀಗೆಯೇ ವ್ಯರ್ಥವಾಯಿತು.

ಅಳಿಲು ಮಾತ್ರ ಈ ಜಾಳಿಗೆಯಲ್ಲಿಯೂ ನುಸುಳುತ್ತದೆ. ಪೆಟ್ಟಿಗೆಯನ್ನು ಕಂಬದ ಮೇಲೆ ಇಡುವುದಾದರೆ ಕಂಬದ ನಡುವೆ ತಗಡಿನ ಕೊಳವೆಯನ್ನು ಬೋರಲು ಹಾಕಿದ ಲಾಳಿಕೆಯಂತೆ ತೊಡಿಸಬೇಕು. ಅಳಿಲು, ಇಲಿ, ಬೆಕ್ಕು ಮೂರೂ ಅದನ್ನು ದಾಟಲು ಕಷ್ಟಪಡುತ್ತವೆ. ಆದರೂ ಎಂದಾದರೊಮ್ಮೆ ಅಳಿಲು ಬಂದರೆ ನಾನು ಸುಮ್ಮನಿರುತ್ತೇನೆ. ಅದರ ಹೊಟ್ಟೆಯೂ ಸಣ್ಣದೇ.

ಕಾಳು ಸಣ್ಣದಿರಲಿ. ಸಜ್ಜೆ, ನವಣೆ, ಜೋಳದ ನುಚ್ಚು, ಅಕ್ಕಿಯ ನುಚ್ಚು ಉತ್ತಮ. ಉಪ್ಪು, ಎಣ್ಣೆಯಿರುವ ಚಿವಡಾ, ಫರಸಾಣ, ಬ್ರೆಡ್ಡು, ಹಳಸಿದ ಅನ್ನ ಬೇಡ. ಎರಡು ಚಮಚೆ ಕಾಳು ಬೆಳಗಿನ ಹೊತ್ತು ಸಾಕು. ಸಂಜೆಗೆ ತಟ್ಟೆ ಬರಿದಾಗಿರಬೇಕು, ಉಳಿದದ್ದನ್ನು ತೆಗೆದುಬಿಡಬೇಕು. ಇಲಿಗಳನ್ನು ತಡೆಯಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ವಾರಕ್ಕೊಮ್ಮೆ ತಟ್ಟೆಯನ್ನು ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಬೇಕು.

ಕಾಳಿಗಿಂತ ನೀರು ಮುಖ್ಯ. ನಮ್ಮ ಭಾಗದ ಏಪ್ರಿಲ್, ಮೇ ಬಿಸಿಲು 42 ಡಿಗ್ರಿಯನ್ನು ದಾಟುವುದು ನಿಮಗೆ ತಿಳಿದದ್ದೇ. ಒಂದು ಇಂಚಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನಡುವೆ ಒಂದು ಕಲ್ಲನ್ನಿಟ್ಟು ನೀರು ತುಂಬಬೇಕು. ದಿನವೂ ನೀರು ಬದಲಿಸಿದರೆ ಸೊಳ್ಳೆಯ ಕಾಟವಿರುವುದಿಲ್ಲ.

ಗೂಡಿನ ಪೆಟ್ಟಿಗೆಗೆ 32 ಮಿಲಿಮೀಟರ್, ಅಂದರೆ ಸುಮಾರು ಒಂದೂಕಾಲು ಇಂಚಿನ ರಂಧ್ರ ಸಾಕು. ಪಡುವಣ ಬಿಸಿಲು ಬೀಳದ ಗೋಡೆಗೆ ಎಂಟು ಹತ್ತು ಅಡಿ ಎತ್ತರದಲ್ಲಿ ಅದನ್ನು ಮೊಳೆಯಿಂದ ಭದ್ರಪಡಿಸಬೇಕು. ಫ್ಯಾನಿರುವ ಕೋಣೆಯೊಳಗೆ ಖಂಡಿತ ಬೇಡ. ಗುಬ್ಬಿ ಸುಮಾರು ಹನ್ನೆರಡು ದಿನ ಕಾವು ಕೂಡುತ್ತದೆ. ಮರಿಗಳು ಮತ್ತೆ ಹದಿನೈದು ದಿನಗಳಲ್ಲಿ ಹಾರುತ್ತವೆ.

ಪಾರಿವಾಳಗಳನ್ನು ದ್ವೇಷಿಸಬೇಕಾಗಿಲ್ಲ. ವಿಷ ಹಾಕುವುದು, ಕಲ್ಲೆಸೆಯುವುದು ಪಾಪ. ಸುರಿಯುವ ಕಾಳನ್ನು ಕೆಲವು ವಾರಗಳಲ್ಲಿ ಕಡಿಮೆ ಮಾಡುತ್ತ ನಿಲ್ಲಿಸಿ, ಗೂಡು ತೆರವಾದಾಗ ಸಜ್ಜಾದ ಸಂದುಗಳಿಗೆ ಬಲೆ ಕಟ್ಟಿದರೆ ಅವು ತಾವಾಗಿಯೇ ಬೇರೆಡೆಗೆ ಹೋಗುತ್ತವೆ. ಇರುವ ಹಿಕ್ಕೆಯನ್ನು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ತೆಗೆಯಬೇಕು.

ಕಾಳಿನ ಮಿತಿ

ಗುಬ್ಬಿ ಎಲ್ಲೆಡೆ ನಾಶವಾಗಿದೆ ಎಂಬುದು ನಿಜವಲ್ಲ. 2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯ ಪ್ರಕಾರ, ಒಟ್ಟು ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಹೆಚ್ಚು ಕಡಿಮೆ ಸ್ಥಿರವಾಗಿದೆ. ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ. ಮೊಬೈಲ್ ಟಾವರುಗಳೇ ಕಾರಣವೆಂಬ ಮಾತು ಸಿದ್ಧವಾಗಿಲ್ಲ. ಗೂಡಿಗೆ ಸಂದು, ಮರಿಗೆ ಹುಳು, ಮೈಗೆ ಧೂಳಿನ ಸ್ನಾನ, ಈ ಮೂರೂ ಇರುವಲ್ಲಿ ಗುಬ್ಬಿ ಇರುತ್ತದೆ. ಆದುದರಿಂದ ಹಿತ್ತಲಿನ ಒಂದು ಮೂಲೆಗೆ ಫರಸಿ ಹಾಕದೆ ಮಣ್ಣು ಬಿಡಿ, ಗೋರಂಟಿ, ದಾಸವಾಳ ಬೆಳೆಸಿ, ಔಷಧ ಹೊಡೆಯಬೇಡಿ.

ಸೋಲಾಪುರದ ಹತ್ತಿರದ ನಾನ್ನಜದಲ್ಲಿ ಮಾಳಢೋಕ, ಅಂದರೆ ಎರೆಭೂತ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಆ ದೊಡ್ಡ ಹಕ್ಕಿಯು ಇಂದು ಅಲ್ಲಿಯೂ ಕಾಣುವುದು ದುರ್ಲಭವಾಗಿದೆ. ಅದು ಹೋದದ್ದು ಕಾಳಿಲ್ಲದೆ ಅಲ್ಲ. ಹುಲ್ಲುಮಾಳ ಕರಗಿ ನೆಲೆ ಇಲ್ಲದಾದುದರಿಂದ. ಸೋಲಾಪುರದಲ್ಲಿಯೇ 1932ರಲ್ಲಿ ಜನಿಸಿ, 2025ರ ಜೂನ್‌ನಲ್ಲಿ ಇಲ್ಲಿಯೇ ನಿಧನರಾದ ಪಕ್ಷಿತಜ್ಞ ಮಾರುತಿ ಚಿತಮಪಲ್ಲಿಯವರು ಕಾಡು, ಹಕ್ಕಿಗಳನ್ನು ಕುರಿತು ಮರಾಠಿಯಲ್ಲಿ ಜೀವಮಾನವಿಡೀ ಬರೆದರು. ನಮ್ಮ ಮಕ್ಕಳು ಮರಾಠಿಯನ್ನೂ ಬಲ್ಲವರು. ಅವರ ಪುಸ್ತಕಗಳನ್ನು ಅವಶ್ಯ ಓದಲಿ.

ಕೊನೆಯ ಮಾತು

ದಾನಕ್ಕೆ ಮನಸ್ಸಿದ್ದರೆ ಸಾಲದು, ಅಳತೆಯೂ ಬಾಗಿಲೂ ಬೇಕು. ಸುಮ್ಮನೆ ಸುರಿದದ್ದು ಬಲವುಳ್ಳವರ ಪಾಲಾಗುತ್ತದೆ. ಚಿಕ್ಕವರಿಗೆ ಸಲ್ಲಬೇಕಾದರೆ ಚಿಕ್ಕವರು ಮಾತ್ರ ಹೋಗಬಲ್ಲ ದಾರಿಯನ್ನು ಮಾಡಿಕೊಡಬೇಕು. ಗಡಿನಾಡಿನಲ್ಲಿ ಒಂದು ಸಣ್ಣ ಕನ್ನಡ ಶಾಲೆಯನ್ನು ಐವತ್ತು ವರ್ಷ ನಡೆಸಿಕೊಂಡು ಬಂದವರಿಗೆ ಈ ಮಾತನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅಂದು ಪ್ರಶ್ನೆ ಕೇಳಿದ ಆ ಹುಡುಗಿ ಇಂದು ಎಲ್ಲಿದ್ದರೂ ಸುಖವಾಗಿರಲಿ. ಅವಳಿಗೆ ಕೊಡಬೇಕಾಗಿದ್ದ ಉತ್ತರವೇ ಈ ಲೇಖನ. ಮಹೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಈ ಸಲ ಹಿಡಿ ಜೋಳ ತರಬೇಡಿ, ದಂಟಿನ ಸಮೇತ ಒಂದೊಂದು ತೆನೆ ತನ್ನಿ. ವರಾಂಡದ ಹೊರಗೆ ತಂತಿ ಕಟ್ಟಿಸಿ ಇಡುವ ಹೊಣೆ ನನ್ನದು.