ರಸೀದಿಯಲ್ಲಿರುವ ಆ ಒಂದು ಅಕ್ಷರ

ಮನೆ ತೆರಿಗೆ ರಸೀದಿ ತೆಗೆಯಿರಿ. ‘ವಲಯ’ದ ಮುಂದೆ ಯಾವ ಅಕ್ಷರವಿದೆ?

ಬೆಂಗಳೂರಿನಲ್ಲಿ 2008ರಿಂದ ಮಾಲೀಕರೇ ತೆರಿಗೆ ಲೆಕ್ಕ ಹಾಕಿ ಘೋಷಿಸಬೇಕು. ಮಾರ್ಗಸೂಚಿ ಬೆಲೆ ನೋಡಿ ಬೀದಿಗಳನ್ನು ಎಯಿಂದ ಎಫ್‌ವರೆಗೆ ವಲಯಗಳಾಗಿ ವಿಂಗಡಿಸಿದರು. ಆಗ ಎ ವಲಯದ ಆರ್‌ಸಿಸಿ ಮನೆಗೆ ಚದರಡಿಗೆ ತಿಂಗಳಿಗೆ 2.50 ರೂಪಾಯಿ, ಬಾಡಿಗೆಗೆ ಕೊಟ್ಟಿದ್ದರೆ 5. ಸಾವಿರ ಚದರಡಿಯ ಸ್ವಂತ ಮನೆ, ಹತ್ತು ತಿಂಗಳ ಲೆಕ್ಕ: 25,000. ಸವಕಳಿ ಕಳೆದು, ಉಳಿದದ್ದರಲ್ಲಿ ಶೇ 20 ತೆರಿಗೆ. ಅದರ ಮೇಲೆ ಸೆಸ್.

ವಲಯ ತಪ್ಪಿದರೆ ಇಡೀ ಲೆಕ್ಕ ತಪ್ಪುತ್ತದೆ. 2021ರಲ್ಲಿ ಸಾವಿರಾರು ಮಾಲೀಕರಿಗೆ ನೋಟಿಸ್ ಬಂದದ್ದು ಇದಕ್ಕೇ.

ನೋಟಿಸ್ ಬಂತಾ? ಹೆದರಿ ಕಟ್ಟಬೇಡಿ, ಸುಮ್ಮನೆಯೂ ಕೂರಬೇಡಿ. ನಿಮ್ಮ ಬೀದಿಯ ವಲಯ ಯಾವುದೆಂದು ನೋಡಿ, ಟೇಪ್ ಹಿಡಿದು ಮನೆಯನ್ನೂ ಅಳೆಯಿರಿ. ಅಳತೆ, ಹಳೇ ರಸೀದಿ, ಕರೆಂಟ್ ಬಿಲ್ ಸೇರಿಸಿ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಡಿ. ನಿಮ್ಮ ಪ್ರತಿಗೆ ಸೀಲು ಬೀಳುವವರೆಗೂ ಕೌಂಟರ್ ಬಿಡಬೇಡಿ.