ಬಾಡಿಗೆ ವಾಹನಗಳ ಬಿಲ್ಲು ಮತ್ತು ಜಿಪಿಎಸ್ ದಾಖಲೆ

ನಗರಪಾಲಿಕೆ, ಸಾರಿಗೆ ನಿಗಮ, ವಿದ್ಯುತ್ ಸರಬರಾಜು ಕಂಪನಿ ಮೊದಲಾದ ಸಾರ್ವಜನಿಕ ಸಂಸ್ಥೆಗಳು ಸ್ವಂತ ವಾಹನಗಳ ಜೊತೆಗೆ ಟಿಪ್ಪರ್, ನೀರಿನ ಟ್ಯಾಂಕರ್, ಜೀಪು ಮುಂತಾದವುಗಳನ್ನು ಖಾಸಗಿಯವರಿಂದ ಬಾಡಿಗೆಗೆ ಪಡೆಯುವುದು ರೂಢಿಯಲ್ಲಿದೆ. ಹಿಂದೆ ಚಾಲಕನ ಟ್ರಿಪ್ ಶೀಟ್, ಓಡೋಮೀಟರ್ ಅಂಕಿ ಹಾಗೂ ಅಧಿಕಾರಿಯ ಸಹಿ, ಈ ಮೂರರ ಆಧಾರದ ಮೇಲೆ ಬಿಲ್ಲು ಪಾವತಿಯಾಗುತ್ತಿತ್ತು. ಈಗ ಅನೇಕ ಟೆಂಡರುಗಳಲ್ಲಿ ಜಿಪಿಎಸ್ ಉಪಕರಣದ ವರದಿಯೂ ಸೇರಿಕೊಂಡಿದೆ. ಇಂತಹ ಗುತ್ತಿಗೆ ಪಡೆಯುವ ಸದಸ್ಯರು ಈ ವರದಿ ಹೇಗೆ ಸಿದ್ಧವಾಗುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಅರಿತಿರುವುದು ಅವಶ್ಯಕ.

ಕಾರ್ಯವಿಧಾನ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುತ್ತವೆ. ವಾಹನದಲ್ಲಿ ಅಳವಡಿಸಿದ ಉಪಕರಣವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಗ್ರಹಿಸಿ ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ಉಪಗ್ರಹಕ್ಕೆ ಅದು ಏನನ್ನೂ ಕಳುಹಿಸುವುದಿಲ್ಲ. ಸ್ಥಳ, ವೇಳೆ ಮತ್ತು ವೇಗದ ವಿವರಗಳು ಉಪಕರಣದೊಳಗಿನ ಸಿಮ್ ಮೂಲಕ, ಮೊಬೈಲ್ ಜಾಲದಲ್ಲಿ ನಿಯಂತ್ರಣ ಕೊಠಡಿಯ ಗಣಕಯಂತ್ರವನ್ನು ತಲುಪುತ್ತವೆ. ಆದ್ದರಿಂದ ಉಪಗ್ರಹ ಸಂಕೇತ, ಮೊಬೈಲ್ ಜಾಲ, ಬ್ಯಾಟರಿ ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ದಾಖಲೆಯಲ್ಲಿ ಕೊರತೆ ಉಂಟಾಗುತ್ತದೆ.

ನಮ್ಮ ರಾಜ್ಯದ ಅನುಭವ

ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2012ರಲ್ಲಿ ಮೈಸೂರಿನ ಸುಮಾರು 500 ನಗರ ಸಾರಿಗೆ ಬಸ್ಸುಗಳಲ್ಲಿ ಈ ತಂತ್ರಜ್ಞಾನವನ್ನು ಅಳವಡಿಸಿ, ಬಸ್ಸು ಬರುವ ವೇಳೆಯನ್ನು ತಂಗುದಾಣಗಳ ಫಲಕಗಳಲ್ಲಿ ತೋರಿಸುವ ವ್ಯವಸ್ಥೆ ಮಾಡಿತು. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು 2016ರಲ್ಲಿ ಇದೇ ಬಗೆಯ ವ್ಯವಸ್ಥೆಯನ್ನು ಆರಂಭಿಸಿತು. ಕೇಂದ್ರ ಮೋಟಾರು ವಾಹನ ನಿಯಮಗಳ 125ಎಚ್ ನಿಯಮದಂತೆ, 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ, ಕೆಲವು ವಿನಾಯಿತಿಗಳನ್ನು ಹೊರತುಪಡಿಸಿ, ಸ್ಥಳಸೂಚಕ ಉಪಕರಣ ಮತ್ತು ತುರ್ತು ಗುಂಡಿ ಕಡ್ಡಾಯವಾಗಿವೆ.

ಇಂತಹ ವ್ಯವಸ್ಥೆಯಿಂದ ಸಂಸ್ಥೆಗಳಿಗೆ ಲಾಭವಿರುವುದು ನಿಜ. ತಪ್ಪಿದ ಟ್ರಿಪ್ಪು, ಮಾರ್ಗ ಬಿಟ್ಟು ಓಡಿದ ವಾಹನ, ಎಂಜಿನ್ ಚಾಲನೆಯಲ್ಲಿಟ್ಟು ವೃಥಾ ನಿಂತ ಸಮಯ ಇವೆಲ್ಲ ಅದೇ ದಿನ ತಿಳಿಯುತ್ತವೆ. ಆದರೆ ಮಾರ್ಗ, ನಿಲುಗಡೆ ಮತ್ತು ವೇಳಾಪಟ್ಟಿಗಳನ್ನು ಮೊದಲೇ ಸರಿಯಾಗಿ ದಾಖಲಿಸದಿದ್ದರೆ ಪರದೆಯ ಮೇಲೆ ಕಾಣುವುದು ಚಲಿಸುವ ಚುಕ್ಕೆಗಳು ಮಾತ್ರ. ಪ್ರತಿದಿನ ವರದಿ ನೋಡಿ ಕ್ರಮ ಕೈಗೊಳ್ಳುವ ಅಧಿಕಾರಿ ಇಲ್ಲದಿದ್ದರೆ ಉಪಕರಣಕ್ಕೆ ಮಾಡಿದ ವೆಚ್ಚ ವ್ಯರ್ಥ.

ಲೆಕ್ಕದಲ್ಲಿ ವ್ಯತ್ಯಾಸ ಏಕೆ?

ಉಪಕರಣವು ದಾರಿಯನ್ನು ಅಖಂಡವಾಗಿ ಅಳೆಯುವುದಿಲ್ಲ. ನಿಗದಿತ ಅವಧಿಗೊಮ್ಮೆ ಒಂದು ಬಿಂದುವನ್ನು ಗುರುತಿಸುತ್ತದೆ. ಗಂಟೆಗೆ 40 ಕಿ.ಮೀ. ವೇಗದ ವಾಹನ 30 ಸೆಕೆಂಡಿನಲ್ಲಿ ಸುಮಾರು 333 ಮೀಟರ್ ಕ್ರಮಿಸುತ್ತದೆ. ಆ ನಡುವೆ ಎರಡು ತಿರುವುಗಳಿದ್ದರೂ ತಂತ್ರಾಂಶವು ಬಿಂದುಗಳ ನಡುವೆ ನೇರ ಗೆರೆ ಎಳೆದರೆ ದೂರ ಕಡಿಮೆಯಾಗುತ್ತದೆ. 10 ಸೆಕೆಂಡಿಗೊಮ್ಮೆ ಗುರುತಿಸಿದರೆ ಬಿಂದುಗಳ ಅಂತರ ಸುಮಾರು 111 ಮೀಟರಿಗೆ ಇಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ನಿಂತ ವಾಹನದ ಬಿಂದುಗಳು ಕೆಲವು ಮೀಟರ್ ಅತ್ತಿತ್ತ ಸರಿದು ಓಡದ ದೂರವೂ ಲೆಕ್ಕಕ್ಕೆ ಸೇರಬಹುದು. ಎತ್ತರದ ಕಟ್ಟಡಗಳ ನಡುವೆ ಹಾಗೂ ಕೆಳಸೇತುವೆಗಳಲ್ಲಿ ಸಂಕೇತ ದುರ್ಬಲವಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಟಿಪ್ಪರಿನ ಓಡೋಮೀಟರ್ ದಿನಕ್ಕೆ 90 ಕಿ.ಮೀ. ತೋರಿಸಿ, ಜಿಪಿಎಸ್ ವರದಿ 84 ಕಿ.ಮೀ. ತೋರಿಸಿತೆನ್ನಿ. ಕಿ.ಮೀ.ಗೆ 30 ರೂ. ದರದಲ್ಲಿ ದಿನಕ್ಕೆ 180 ರೂ., 26 ದಿನಗಳಿಗೆ 4,680 ರೂ. ವ್ಯತ್ಯಾಸ ಬರುತ್ತದೆ. ಐದು ಟಿಪ್ಪರುಗಳಿದ್ದರೆ ತಿಂಗಳಿಗೆ 23,400 ರೂ. ಸಣ್ಣ ಗುತ್ತಿಗೆದಾರನಿಗೆ ಇದು ಲಾಭ ನಷ್ಟಗಳನ್ನೇ ನಿರ್ಧರಿಸುವ ಮೊತ್ತ.

ಕರಾರಿಗೆ ಸಹಿ ಹಾಕುವ ಮುನ್ನ

1. ಓಡೋಮೀಟರ್ ಮತ್ತು ಜಿಪಿಎಸ್ ಅಂಕಿಗಳ ನಡುವೆ ಶೇಕಡಾ ಎಷ್ಟು ವ್ಯತ್ಯಾಸ ಒಪ್ಪಿತ ಎಂಬುದು ಬರವಣಿಗೆಯಲ್ಲಿರಲಿ. ಕೆಲಸ ಆರಂಭಕ್ಕೆ ಮುನ್ನ ಅಳತೆ ಗೊತ್ತಿರುವ ಮಾರ್ಗದಲ್ಲಿ ಜಂಟಿ ಪರೀಕ್ಷಾ ಓಟ ನಡೆಸಿ, ಫಲಿತಾಂಶಕ್ಕೆ ಉಭಯತರೂ ಸಹಿ ಮಾಡಬೇಕು.

2. ಬಿಂದು ಗುರುತಿಸುವ ಅವಧಿಯನ್ನು ನಮೂದಿಸಬೇಕು.

3. ಜಾಲ ಸಿಗದಾಗ ವಿವರಗಳನ್ನು ಕೂಡಿಟ್ಟು ಅನಂತರ ಕಳುಹಿಸುವ ಸ್ಮೃತಿ ಹಾಗೂ ಒಳಬ್ಯಾಟರಿ ಉಪಕರಣದಲ್ಲಿರಬೇಕು. ಎಐಎಸ್ 140 ಮಾನದಂಡದ ಉಪಕರಣಗಳಲ್ಲಿ ಇವೆರಡೂ ಇರುತ್ತವೆ.

4. ಉಪಕರಣ ಕೆಟ್ಟ ದಿನ ಯಾವ ದಾಖಲೆಯಂತೆ ಪಾವತಿ, ದುರಸ್ತಿ ಯಾರ ಹೊಣೆ ಎಂಬುದು ಸ್ಪಷ್ಟವಿರಲಿ. ತಂತಿ ಸಡಿಲವಾದುದನ್ನೆಲ್ಲ ಉದ್ದೇಶಪೂರ್ವಕ ಕೃತ್ಯವೆಂದು ಭಾವಿಸಿ ದಂಡ ವಿಧಿಸುವ ಷರತ್ತನ್ನು ಪ್ರಶ್ನಿಸಬೇಕು.

5. ವರದಿ ನೋಡುವ ಅವಕಾಶ ವಾಹನ ಮಾಲೀಕನಿಗೂ ಇರಬೇಕು. ತಿಂಗಳ ಕೊನೆಗೆ ಕಡಿತದ ಪಟ್ಟಿ ಕೈಗೆ ಬಂದ ಮೇಲೆ ವಾದಿಸುವುದಕ್ಕಿಂತ ಮರುದಿನವೇ ಲಿಖಿತ ಆಕ್ಷೇಪಣೆ ಸಲ್ಲಿಸುವುದು ಪರಿಣಾಮಕಾರಿ.

ವಿವಾದವು ನ್ಯಾಯಾಲಯಕ್ಕೆ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಗಣಕಯಂತ್ರದ ದಾಖಲೆಯ ಜೊತೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಆದ್ದರಿಂದ ಮುದ್ರಿತ ಹಾಳೆಗಳನ್ನಷ್ಟೇ ನೆಚ್ಚದೆ ಮೂಲ ದತ್ತಾಂಶವನ್ನೂ ಕಾಯ್ದಿಡುವುದು ಕ್ಷೇಮ.

ಚಾಲಕರ ವಿಶ್ವಾಸವೂ ಮುಖ್ಯವಾದುದು. ಉಪಕರಣವನ್ನು ಗುಟ್ಟಾಗಿ ಅಳವಡಿಸದೆ, ಅದರ ಉದ್ದೇಶವನ್ನು ಅವರಿಗೆ ತಿಳಿಸಿ ಹೇಳಬೇಕು. ಅಪಘಾತದ ಸುಳ್ಳು ಆರೋಪ ಅಥವಾ ಟ್ರಿಪ್ಪು ತಪ್ಪಿಸಿದ ದೂರು ಬಂದಾಗ ಅದೇ ದಾಖಲೆ ಚಾಲಕನಿಗೆ ರಕ್ಷಣೆಯಾಗುತ್ತದೆ.

ಜಿಪಿಎಸ್ ಒಂದು ತಕ್ಕಡಿಯಿದ್ದಂತೆ. ಅದನ್ನು ಇಬ್ಬರೂ ಪರೀಕ್ಷಿಸಿ ಒಪ್ಪಿದಾಗಲೇ ವ್ಯವಹಾರ ನ್ಯಾಯವಾಗಿರುತ್ತದೆ. ಟೆಂಡರ್ ಪೂರ್ವ ಸಭೆಗಳಲ್ಲಿಯೇ ಸದಸ್ಯರು ಮೇಲಿನ ಅಂಶಗಳನ್ನು ಪ್ರಸ್ತಾಪಿಸಿ ಕರಾರಿನಲ್ಲಿ ಸೇರಿಸಿಕೊಳ್ಳುವುದು ಒಳಿತು.